ಆನ್‌ಲೈನ್‌ನಲ್ಲಿ ಕೊಂಡ ಬಂದೂಕು ನಿಮ್ಮ ಕೈ ಸೇರುವ ದಾರಿ: ಅಮೆರಿಕದ ಕನ್ನಡಿಗರಿಗೆ

ಅಮೆರಿಕದಲ್ಲಿ ಬಂದೂಕನ್ನೂ ಆನ್‌ಲೈನ್‌ನಲ್ಲಿ ಕೊಳ್ಳಬಹುದು. ಆದರೆ ಅದು ಮಿಕ್ಸಿ, ಕುಕ್ಕರ್ ಬಂದ ಹಾಗೆ ಮನೆ ಬಾಗಿಲಿಗೆ ಬರುವುದಿಲ್ಲ. ದುಡ್ಡು ಕಟ್ಟುವುದು ವೆಬ್‌ಸೈಟ್‌ನಲ್ಲಿ. ಬಂದೂಕು ಬಂದು ಇಳಿಯುವುದು ನಿಮ್ಮೂರಿನ ಲೈಸೆನ್ಸ್ ಇರುವ ಅಂಗಡಿಯಲ್ಲಿ. ಅಲ್ಲಿ ಫಾರಂ ತುಂಬಬೇಕು, ನಿಮ್ಮ ಹಿನ್ನೆಲೆಯ ತಪಾಸಣೆ ಆಗಬೇಕು, ಆಮೇಲೆ ಅಂಗಡಿಯವರು ನಿಮ್ಮ ಹೆಸರಿಗೆ ಬರೆದು ಕೈಗೆ ಕೊಡುತ್ತಾರೆ. ಇದನ್ನು ಇಲ್ಲಿ 'ಟ್ರಾನ್ಸ್‌ಫರ್' ಅನ್ನುತ್ತಾರೆ. ಫೆಡರಲ್ ಲೈಸೆನ್ಸ್ ಇರುವ ಡೀಲರ್‌ಗೆ 'ಎಫ್‌ಎಫ್‌ಎಲ್' ಅನ್ನುತ್ತಾರೆ. ಲೈಸೆನ್ಸಿನ ಹೆಸರೇ ಅಂಗಡಿಗೂ ಅಂಟಿಕೊಂಡಿದೆ.

ನಾನು ಮೊದಲ ಸಲ ಇದನ್ನು ಉಲ್ಟಾ ಮಾಡಿದೆ. ಹಾರುವ ಮಣ್ಣಿನ ಬಿಲ್ಲೆಗೆ ಗುರಿ ಇಡುವ ಆಟ ಕಲಿಯುತ್ತಿದ್ದೆ, ಅದಕ್ಕೊಂದು ಶಾಟ್‌ಗನ್ ಬೇಕಿತ್ತು. ಒಳ್ಳೆ ಬೆಲೆಗೆ ಸಿಕ್ಕಿತು ಅಂತ ಆರ್ಡರ್ ಮಾಡಿ, ಹತ್ತಿರದ ಒಂದು ಅಂಗಡಿಯ ವಿಳಾಸ ಹಾಕಿಬಿಟ್ಟೆ. ಆ ಅಂಗಡಿಯವರು ಹೊರಗಿನ ಟ್ರಾನ್ಸ್‌ಫರ್ ತೆಗೆದುಕೊಳ್ಳುವುದನ್ನೇ ನಿಲ್ಲಿಸಿದ್ದರು. ಡಬ್ಬ ವಾಪಸ್ ಹೋಯಿತು, ಸಾಗಣೆ ಖರ್ಚು ನನ್ನ ತಲೆ ಮೇಲೆ ಬಂತು. ಮೊದಲು ಫೋನ್, ಆಮೇಲೆ ಆರ್ಡರ್. ಈ ಲೇಖನದಲ್ಲಿ ಇದೊಂದನ್ನು ನೆನಪಿಟ್ಟುಕೊಂಡರೂ ಅರ್ಧ ತೊಂದರೆ ತಪ್ಪುತ್ತದೆ.

ಇಷ್ಟೆಲ್ಲ ಸುತ್ತು ಯಾಕೆ?

ಮೊದಲು ಈ ಸುತ್ತು ಇರಲಿಲ್ಲ. ಪತ್ರಿಕೆಯ ಜಾಹೀರಾತಿನ ಕೂಪನ್ ಕತ್ತರಿಸಿ, ದುಡ್ಡಿನ ಜೊತೆ ಅಂಚೆಗೆ ಹಾಕಿದರೆ ಬಂದೂಕು ಅಂಚೆಯಲ್ಲೇ ಬರುತ್ತಿತ್ತು. 1963ರ ಮಾರ್ಚ್‌ನಲ್ಲಿ ಲೀ ಹಾರ್ವಿ ಓಸ್ವಾಲ್ಡ್ ಹಾಗೆಯೇ ಶಿಕಾಗೋದ ಕ್ಲೈನ್ಸ್ ಅಂಗಡಿಯಿಂದ ಒಂದು ಇಟಾಲಿಯನ್ ರೈಫಲ್ ತರಿಸಿಕೊಂಡ. ಬೇರೆ ಹೆಸರು ಕೊಟ್ಟಿದ್ದ. ಡಲ್ಲಾಸ್‌ನ ಅಂಚೆ ಪೆಟ್ಟಿಗೆಗೆ ಅದು ಬಂತು. ಸಾಗಣೆ ಸೇರಿ 21.45 ಡಾಲರ್. ಅದೇ ವರ್ಷ ನವೆಂಬರ್‌ನಲ್ಲಿ ಅದೇ ರೈಫಲ್ಲಿನಿಂದ ಅಧ್ಯಕ್ಷ ಕೆನೆಡಿಯವರ ಕೊಲೆಯಾಯಿತು. 1968ರಲ್ಲಿ ಮಾರ್ಟಿನ್ ಲೂಥರ್ ಕಿಂಗ್, ರಾಬರ್ಟ್ ಕೆನೆಡಿ ಇಬ್ಬರೂ ಗುಂಡಿಗೆ ಬಲಿಯಾದರು. ಆ ವರ್ಷವೇ ಗನ್ ಕಂಟ್ರೋಲ್ ಕಾಯ್ದೆ ಬಂತು. ಒಂದು ರಾಜ್ಯದಿಂದ ಇನ್ನೊಂದು ರಾಜ್ಯದ ಸಾಮಾನ್ಯ ಗ್ರಾಹಕನ ಮನೆಗೆ ನೇರವಾಗಿ ಬಂದೂಕು ಕಳಿಸುವುದು ನಿಂತಿತು. ಇವತ್ತಿನ ಆನ್‌ಲೈನ್ ಖರೀದಿಯೂ ಅದೇ ಕಾಯ್ದೆಯ ಒಳಗೆ ನಡೆಯುತ್ತದೆ. ಹಾಗಾಗಿ ನಡುವೆ ನಿಂತ ಅಂಗಡಿಯವನನ್ನು ಕೊರಿಯರ್ ಅಂದುಕೊಳ್ಳಬೇಡಿ. ಕೊಳ್ಳುತ್ತಿರುವವರು ಯಾರು ಅಂತ ಕಣ್ಣಾರೆ ನೋಡುವ ಒಬ್ಬನೇ ಮನುಷ್ಯ ಅವನು.

ನಿಮ್ಮ ವೀಸಾ ಯಾವುದು ನೋಡಿ

ನಮ್ಮವರಲ್ಲಿ ತುಂಬ ಜನಕ್ಕೆ ಗೊತ್ತಿಲ್ಲದ ವಿಷಯ ಇದು, ಅದಕ್ಕೇ ನಿಧಾನವಾಗಿ ಹೇಳುತ್ತೇನೆ. ಎಚ್-1ಬಿ, ಎಫ್-1, ಎಚ್-4ರಂಥ ತಾತ್ಕಾಲಿಕ ವೀಸಾದಲ್ಲಿ ಬಂದವರು ಬಂದೂಕನ್ನಾಗಲಿ ತೋಟಾವನ್ನಾಗಲಿ ಇಟ್ಟುಕೊಳ್ಳುವಂತಿಲ್ಲ. ಇದು ಫೆಡರಲ್ ಕಾನೂನು, ರಾಜ್ಯ ಯಾವುದಾದರೂ ಒಂದೇ. ಕೊಳ್ಳುವುದಕ್ಕೆ ಮಾತ್ರ ಅಡ್ಡಿ ಅಂದುಕೊಳ್ಳಬೇಡಿ. ಕೈಯಲ್ಲಿ ಹಿಡಿಯುವುದಕ್ಕೂ ಅಡ್ಡಿ ಇದೆ. ವಾರಾಂತ್ಯದಲ್ಲಿ ಗೆಳೆಯರ ಜೊತೆ ಶೂಟಿಂಗ್ ರೇಂಜ್‌ಗೆ ಹೋಗಿ, ಬಾಡಿಗೆ ಪಿಸ್ತೂಲಿನಲ್ಲಿ ಸುಮ್ನೆ ನಾಲ್ಕು ಗುಂಡು ಹಾರಿಸಿದರೂ ಅದು ಲೆಕ್ಕಕ್ಕೆ ಬರುತ್ತದೆ.

ಇದಕ್ಕೆ ಕೆಲವು ವಿನಾಯಿತಿಗಳಿವೆ. ಜಾಸ್ತಿ ಕೇಳಿಬರುವುದು ಬೇಟೆ ಲೈಸೆನ್ಸಿನದು. ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್ ಇದ್ದರೆ ಈ ನಿಷೇಧ ತಗಲುವುದಿಲ್ಲ. ಆದರೂ ನನ್ನ ಮಾತು ಕೇಳಿ. ವೀಸಾದಲ್ಲಿರುವವರು ವಲಸೆ ವಕೀಲರನ್ನು ಕೇಳದೆ ಈ ದಾರಿಗೆ ಇಳಿಯಬೇಡಿ. ಗ್ರೀನ್ ಕಾರ್ಡ್ ಅರ್ಜಿ ಹಾಕಿ ಕಾಯುತ್ತಿರುವವರು ಕಾರ್ಡ್ ಕೈಗೆ ಬರುವ ತನಕ ತಡೆದುಕೊಳ್ಳಿ. ಬಂದೂಕಿನ ಒಂದು ಅಪರಾಧ ಸಾಬೀತಾದರೆ ದೇಶದಿಂದಲೇ ಕಳಿಸಿಬಿಡಬಹುದು. ಇಪ್ಪತ್ತು ವರ್ಷ ಕಟ್ಟಿದ ಬದುಕು ಅದು, ಅಲ್ವಾ?

ಗ್ರೀನ್ ಕಾರ್ಡ್ ಇದ್ದವರಿಗೆ, ಪೌರರಾದವರಿಗೆ ಈ ಅಡ್ಡಿ ಇಲ್ಲ. ಮನೆಯಲ್ಲಿ ಒಬ್ಬರು ಪೌರರು, ಇನ್ನೊಬ್ಬರು ಎಚ್-4 ಆಗಿದ್ದರೆ, ಬಂದೂಕಿನ ಬೀಗದ ಕೀಲಿ ಯಾರ ಹತ್ತಿರ ಇರಬೇಕು ಅನ್ನುವುದನ್ನೂ ವಕೀಲರ ಹತ್ತಿರವೇ ಕೇಳಿಕೊಳ್ಳಿ.

ನಮ್ಮ ಕೊಡಗಿನವರಿಗೆ ಒಂದು ಮಾತು. ಊರಲ್ಲಿ ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇದೆ. ಕೈಲ್ ಪೊಳ್ದ್‌ಗೆ ಕೋವಿಗೆ ಹೂವಿಟ್ಟು ಪೂಜೆ ಮಾಡಿ ಬೆಳೆದವರು ನೀವು. ಕೋವಿ ನಿಮಗೆ ಹೊಸದಲ್ಲ. ಆದರೆ ಆ ವಿನಾಯಿತಿ ಇಲ್ಲಿಗೆ ಬರುವುದಿಲ್ಲ. ಇಲ್ಲಿ ಎಲ್ಲರಿಗೂ ಒಂದೇ ಫಾರಂ.

ಅಂಗಡಿಗೆ ಫೋನ್ ಮಾಡಿ

ಪಿಸ್ತೂಲು, ರಿವಾಲ್ವರ್ ಆದರೆ ನೀವು ವಾಸ ಇರುವ ರಾಜ್ಯದ ಡೀಲರ್‌ನಿಂದಲೇ ಪಡೆಯಬೇಕು. ರೈಫಲ್, ಶಾಟ್‌ಗನ್ ಆದರೆ ಬೇರೆ ರಾಜ್ಯದ ಅಂಗಡಿಗೂ ಹೋಗಬಹುದು, ಎರಡೂ ರಾಜ್ಯಗಳ ಕಾನೂನು ಒಪ್ಪಬೇಕು ಅಷ್ಟೆ. ವಯಸ್ಸಿನ ನಿಯಮವೂ ಬೇರೆ ಬೇರೆ. ಫೆಡರಲ್ ಕಾಯ್ದೆಯಲ್ಲಿ ಡೀಲರ್‌ನಿಂದ ರೈಫಲ್, ಶಾಟ್‌ಗನ್ ಕೊಳ್ಳಲು 18, ಪಿಸ್ತೂಲಿಗೆ 21. ಕೆಲವು ರಾಜ್ಯಗಳು ಎಲ್ಲದಕ್ಕೂ 21 ಮಾಡಿವೆ.

ಫೋನ್‌ನಲ್ಲಿ ಏನೇನು ಕೇಳಬೇಕು? ಹೊರಗಿನ ಟ್ರಾನ್ಸ್‌ಫರ್ ತೆಗೆದುಕೊಳ್ಳುತ್ತೀರಾ, ಶುಲ್ಕ ಎಷ್ಟು, ಲೈಸೆನ್ಸ್ ಇಲ್ಲದ ಖಾಸಗಿ ಮಾರಾಟಗಾರ ಕಳಿಸಿದರೆ ಒಪ್ಪುತ್ತೀರಾ, ಡಬ್ಬ ಬಂದ ಮೇಲೆ ಎಷ್ಟು ದಿನ ಇಟ್ಟುಕೊಳ್ಳುತ್ತೀರಿ. ಶುಲ್ಕ ಅಂಗಡಿಯಿಂದ ಅಂಗಡಿಗೆ ಬೇರೆ. 25, 30 ಡಾಲರ್‌ಗೆ ಮಾಡುವವರೂ ಇದ್ದಾರೆ, 75ಕ್ಕಿಂತ ಮೇಲೆ ಕೇಳುವವರೂ ಇದ್ದಾರೆ. ಕೆಲವರು ತಾವೇ ಮಾರುವ ಬ್ರಾಂಡ್ ಆದರೆ ಜಾಸ್ತಿ ಹಾಕುತ್ತಾರೆ. ನೀವು ನೋಡಿಟ್ಟ ಮಾದರಿ ನಿಮ್ಮ ರಾಜ್ಯದಲ್ಲಿ ಕಾನೂನುಬದ್ಧವೇ ಅಂತಲೂ ಆಗಲೇ ಕೇಳಿಬಿಡಿ. ಕ್ಯಾಲಿಫೋರ್ನಿಯಾ, ನ್ಯೂಜೆರ್ಸಿಗಳಲ್ಲಿ 10 ಗುಂಡಿಗಿಂತ ಹೆಚ್ಚು ಹಿಡಿಸುವ ಮ್ಯಾಗಜೀನ್‌ಗೆ ಅವಕಾಶ ಇಲ್ಲ. ಟೆಕ್ಸಾಸ್‌ನಲ್ಲಿ ಅಂಥ ಮಿತಿ ಇಲ್ಲ. ಟೆಕ್ಸಾಸ್ ಗೆಳೆಯನ ಮಾತು ನಂಬಿ ನ್ಯೂಜೆರ್ಸಿಯವರು ಆರ್ಡರ್ ಮಾಡಿದರೆ ದುಡ್ಡೂ ಹೋಗುತ್ತದೆ, ತೊಂದರೆಯೂ ಬರುತ್ತದೆ.

ಆರ್ಡರ್, ಲೈಸೆನ್ಸ್ ಪ್ರತಿ, ಸಾಗಣೆ

ಅಂಗಡಿ ಒಪ್ಪಿದ ಮೇಲೆ ಆರ್ಡರ್ ಮಾಡಿ. ದೊಡ್ಡ ವೆಬ್‌ಸೈಟ್‌ಗಳಲ್ಲಿ ಡೀಲರ್‌ಗಳ ಪಟ್ಟಿ ಇರುತ್ತದೆ, ನಿಮ್ಮ ಅಂಗಡಿ ಇದ್ದರೆ ಆರಿಸಿದರೆ ಸಾಕು. ಇಲ್ಲದಿದ್ದರೆ ಅಂಗಡಿಯವರು ತಮ್ಮ ಲೈಸೆನ್ಸಿನ ಪ್ರತಿಯನ್ನು ಮಾರಾಟಗಾರನಿಗೆ ಇಮೇಲ್ ಮಾಡಬೇಕು. ಆ ಪ್ರತಿ ತಲುಪುವವರೆಗೆ ಬಂದೂಕು ಹೊರಡುವುದಿಲ್ಲ. ಈ ಲೈಸೆನ್ಸ್ ಕೊಡುವ ಫೆಡರಲ್ ಇಲಾಖೆ ಎಟಿಎಫ್. ಅದರ 'ಇಝಿ ಚೆಕ್' ಪುಟದಲ್ಲಿ ಲೈಸೆನ್ಸ್ ನಂಬರಿನ ಮೊದಲ ಮೂರು, ಕೊನೆಯ ಐದು ಅಂಕಿ ಹಾಕಿದರೆ ಅದು ಅಸಲಿಯೇ ಅಂತ ಗೊತ್ತಾಗುತ್ತದೆ. ಬಂದೂಕು ಮಾರುವ ನಕಲಿ ವೆಬ್‌ಸೈಟ್‌ಗಳೂ ಇವೆ. ಯಾರಾದರೂ "ಡೀಲರ್ ಬೇಡ, ಮನೆಗೇ ಕಳಿಸುತ್ತೇವೆ" ಅಂದರೆ ಅಲ್ಲಿಗೇ ಆ ಪುಟ ಮುಚ್ಚಿ.

ಡಬ್ಬ ಬಂದ ಮೇಲೆ ಅಂಗಡಿಯವರು ಅದನ್ನು ತಮ್ಮ ದಾಖಲೆ ಪುಸ್ತಕಕ್ಕೆ ಏರಿಸುತ್ತಾರೆ. ಮರುದಿನದ ವ್ಯವಹಾರ ಮುಗಿಯುವುದರೊಳಗೆ ಈ ಕೆಲಸ ಆಗಬೇಕು ಅಂತ ನಿಯಮ. "ಡೆಲಿವರಿ ಆಗಿದೆ" ಅಂತ ಮೆಸೇಜ್ ಬಂದ ಹತ್ತೇ ನಿಮಿಷಕ್ಕೆ ಅಂಗಡಿಗೆ ಓಡಬೇಡಿ. ಅವರೇ ಫೋನ್ ಮಾಡುತ್ತಾರೆ.

ಸಹಿ ಮಾಡುವ ಮೊದಲು ನೋಡಿ

ಡಬ್ಬ ಬಿಚ್ಚಿಸಿ. ನೀವು ಆರ್ಡರ್ ಮಾಡಿದ್ದೇ ಬಂದಿದೆಯಾ, ಸೀರಿಯಲ್ ನಂಬರ್ ಬಿಲ್ಲಿಗೆ ತಾಳೆ ಆಗುತ್ತಾ, ಬಿರುಕು, ತುಕ್ಕು ಏನಾದರೂ ಇದೆಯಾ ನೋಡಿ. ಬಂದೂಕು ಖಾಲಿ ಇದೆ ಅಂತ ಅಂಗಡಿಯವರು ತೋರಿಸುತ್ತಾರೆ, ನೀವೂ ನೋಡಿಕೊಳ್ಳಿ, ನಳಿಗೆ ಯಾರ ಕಡೆಗೂ ತಿರುಗದಿರಲಿ. ಏನಾದರೂ ತಪ್ಪಿದ್ದರೆ ಈಗಲೇ ಬೇಡ ಅನ್ನಿ, ಅಂಗಡಿಯವರು ವಾಪಸ್ ಕಳಿಸುತ್ತಾರೆ. ನಿಮ್ಮ ಹೆಸರಿಗೆ ಆದಮೇಲೆ ಅದು ಹಳೆ ಬಂದೂಕು, ತುಂಬ ಮಾರಾಟಗಾರರು ಮುಟ್ಟುವುದಿಲ್ಲ.

ಫಾರಂ 4473

ಅಂಗಡಿಯಲ್ಲಿ ನೀವು ತುಂಬುವ ಫೆಡರಲ್ ಫಾರಂ ಇದು, ಇಡೀ ಕೆಲಸದ ಹೃದಯ. ನಿಮ್ಮ ಫೋಟೋ, ಹುಟ್ಟಿದ ದಿನ, ಈಗಿನ ಮನೆ ವಿಳಾಸ ಇರುವ ಸರ್ಕಾರಿ ಗುರುತಿನ ಚೀಟಿ ಬೇಕು. ಡ್ರೈವಿಂಗ್ ಲೈಸೆನ್ಸ್ ಸಾಕು. ಮನೆ ಬದಲಾಯಿಸಿ ಲೈಸೆನ್ಸಿನಲ್ಲಿ ಹಳೆ ವಿಳಾಸ ಇದ್ದರೆ ಹೊಸ ವಿಳಾಸ ಇರುವ ಇನ್ನೊಂದು ಸರ್ಕಾರಿ ಕಾಗದ ಒಯ್ಯಿರಿ, ಉದಾಹರಣೆಗೆ ಕಾರಿನ ನೋಂದಣಿ ಪತ್ರ. ಗ್ರೀನ್ ಕಾರ್ಡ್‌ನವರು ಆ ಕಾರ್ಡನ್ನೂ ಇಟ್ಟುಕೊಂಡಿರಿ, ಅದರಲ್ಲಿರುವ ನಂಬರ್ ಕೇಳುತ್ತಾರೆ.

ನಮ್ಮವರು ಎಡವುವುದು ಹೆಸರಿನಲ್ಲಿ. ಊರ ಹೆಸರು, ಅಪ್ಪನ ಹೆಸರು ಇನಿಷಿಯಲ್ ಆಗಿ ಬಂದವರು ನಾವು. ಪಾಸ್‌ಪೋರ್ಟ್‌ನಲ್ಲಿ ಒಂದು, ಲೈಸೆನ್ಸಿನಲ್ಲಿ ಇನ್ನೊಂದು. ಕೆಲವರ ಮೊದಲ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' ಅಂದರೆ 'ಮೊದಲ ಹೆಸರು ಗೊತ್ತಿಲ್ಲ' ಅಂತ ಬಂದುಬಿಟ್ಟಿರುತ್ತದೆ. ಹೆಸರನ್ನು ಪೂರ್ತಿ, ಗುರುತಿನ ಚೀಟಿಗೆ ತಾಳೆ ಆಗುವ ಹಾಗೆ ಬರೆಯಿರಿ. ಕಾನೂನಿನ ಪ್ರಕಾರ ನಿಮ್ಮದು ಬರೀ ಇನಿಷಿಯಲ್ ಆದರೆ ಅದರ ನಂತರ 'ಐಓ', ಮಧ್ಯದ ಹೆಸರೇ ಇಲ್ಲದಿದ್ದರೆ ಆ ಜಾಗದಲ್ಲಿ 'ಎನ್‌ಎಂಎನ್' ಎಂದು ಬರೆಯಬೇಕು. ಸೋಶಿಯಲ್ ಸೆಕ್ಯುರಿಟಿ ನಂಬರ್ ಕಡ್ಡಾಯ ಅಲ್ಲ, ಆದರೆ ಕೊಡಿ. ಒಂದೇ ಹೆಸರಿನ ನೂರು ಜನರ ನಡುವೆ ನಿಮ್ಮನ್ನು ಬೇರೆ ಮಾಡಿ ನೋಡಲು ಅದು ನೆರವಾಗುತ್ತದೆ.

ಈ ಬಂದೂಕು ನಿಜವಾಗಿ ನಿಮಗೇನಾ ಅಂತ ಒಂದು ಪ್ರಶ್ನೆ ಇದೆ. ಗೆಳೆಯ ದುಡ್ಡು ಕೊಟ್ಟು "ನಿನ್ನ ಹೆಸರಲ್ಲಿ ತಗೋ" ಅಂದಿದ್ದರೆ ಅಲ್ಲಿಗೇ ನಿಲ್ಲಿಸಿ. ಇನ್ನೊಬ್ಬರಿಗಾಗಿ ಸುಳ್ಳು ಹೇಳಿ ಕೊಳ್ಳುವುದು ದೊಡ್ಡ ಅಪರಾಧ. 2022ರ ಕಾಯ್ದೆಯಲ್ಲಿ ಇದಕ್ಕೆ 15 ವರ್ಷದವರೆಗೆ ಜೈಲು ಇದೆ. ವೀಸಾ ಸ್ನೇಹಿತನ ಮೇಲಿನ ಪ್ರೀತಿಗೆ ಈ ಕೆಲಸಕ್ಕೆ ಇಳಿಯಬೇಡಿ. ಇಬ್ಬರೂ ಮುಳುಗುತ್ತೀರಿ. ನಿಮ್ಮ ದುಡ್ಡಲ್ಲಿ ಕೊಂಡು, ಇಟ್ಟುಕೊಳ್ಳಲು ಅರ್ಹತೆ ಇರುವ ಹೆಂಡತಿಗೋ ಗಂಡನಿಗೋ ನಿಜವಾದ ಉಡುಗೊರೆಯಾಗಿ ಕೊಟ್ಟರೆ ಫೆಡರಲ್ ಕಾನೂನು ಅಡ್ಡ ಬರುವುದಿಲ್ಲ.

ಗಾಂಜಾದ ಪ್ರಶ್ನೆಯೂ ಇದೆ. ನಿಮ್ಮ ರಾಜ್ಯ ಒಪ್ಪಿದ್ದರೂ ಫೆಡರಲ್ ಕಾನೂನು ಬೇರೆ ಅಂತ ಫಾರಂ ಮೇಲೇ ಎಚ್ಚರಿಕೆ ಬರೆದಿದ್ದಾರೆ. ಯಾವ ಪ್ರಶ್ನೆಗೂ ಅಂದಾಜಿಗೆ ಟಿಕ್ ಹಾಕಬೇಡಿ. ಅರ್ಥ ಆಗದಿದ್ದರೆ ಫಾರಂ ಹಿಂದಿನ ಸೂಚನೆ ಓದಿ.

ಮುಂದುವರಿ, ತಡ, ಇಲ್ಲ

ಅಂಗಡಿಯವರು ನಿಮ್ಮ ವಿವರವನ್ನು ಎಫ್‌ಬಿಐ ನಡೆಸುವ ತಪಾಸಣೆ ವ್ಯವಸ್ಥೆಗೆ ಕಳಿಸುತ್ತಾರೆ. ಕೆಲವು ರಾಜ್ಯಗಳಲ್ಲಿ ರಾಜ್ಯದ ಪೊಲೀಸರ ಮೂಲಕ ಹೋಗುತ್ತದೆ. 1998ರ ನವೆಂಬರ್ 30ರಿಂದ ನಡೆಯುತ್ತಿರುವ ಈ ವ್ಯವಸ್ಥೆಯನ್ನು 'ನಿಕ್ಸ್' ಅನ್ನುತ್ತಾರೆ. ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ 'ಮುಂದುವರಿಯಿರಿ' ಅಂತ ಬರುತ್ತದೆ.

'ತಡ' ಅಂತ ಬಂದರೆ ಗಾಬರಿ ಬೇಡ. ಬಹಳ ಸಲ ಅದು ಹೆಸರಿನ ಗೊಂದಲ. ಸರ್ಕಾರಿ ಕಚೇರಿ ತೆರೆದಿರುವ 3 ದಿನಗಳಲ್ಲಿ ಉತ್ತರ ಬರದಿದ್ದರೆ ಫೆಡರಲ್ ಕಾನೂನಿನ ಪ್ರಕಾರ ಅಂಗಡಿಯವರು ಕೊಡಬಹುದು. ಕೊಡಲೇಬೇಕು ಅಂತಿಲ್ಲ. ಎಷ್ಟೋ ಅಂಗಡಿಗಳು ಉತ್ತರ ಬರುವವರೆಗೂ ಕಾಯುತ್ತವೆ, ಅದು ಸರಿಯೇ. 21 ತುಂಬದವರಿಗೆ ಈ ತಪಾಸಣೆ ಕಚೇರಿ ತೆರೆದಿರುವ 10 ದಿನಗಳವರೆಗೂ ಹೋಗಬಹುದು. ಪ್ರತಿ ಸಲ ತಡ ಆಗುತ್ತಿದ್ದರೆ ಎಫ್‌ಬಿಐಗೆ ಬೆರಳಚ್ಚು ಕೊಟ್ಟು 'ಯುಪಿನ್' ಅನ್ನುವ ನಂಬರ್ ಪಡೆಯಬಹುದು. ಮುಂದಿನ ಫಾರಂಗಳಲ್ಲಿ ಆ ನಂಬರ್ ಬರೆದರೆ ಗೊಂದಲ ಕಡಿಮೆ. 'ಇಲ್ಲ' ಅಂತ ಬಂದರೆ ಕಾರಣ ಕೇಳುವ, ಮೇಲ್ಮನವಿ ಹಾಕುವ ಹಕ್ಕು ನಿಮಗಿದೆ. ಅಂಗಡಿಯವನ ಜೊತೆ ಜಗಳ ಆಡಬೇಡಿ, ಕಾರಣ ಅವನಿಗೂ ಗೊತ್ತಿರುವುದಿಲ್ಲ.

ರಾಜ್ಯಗಳು ಹಾಕಿದ ಕಾಯುವಿಕೆ ಬೇರೆಯೇ ಇದೆ. ಕ್ಯಾಲಿಫೋರ್ನಿಯಾದಲ್ಲಿ 10 ದಿನ, ಇಲಿನಾಯ್‌ನಲ್ಲಿ 72 ಗಂಟೆ ಕಾಯಬೇಕು. ಇಲಿನಾಯ್‌ನಲ್ಲಿ ಬಂದೂಕು ಇಟ್ಟುಕೊಳ್ಳಲು ರಾಜ್ಯ ಕೊಡುವ 'ಫಾಯಿಡ್' ಕಾರ್ಡ್ ಮೊದಲೇ ಬೇಕು. ನ್ಯೂಜೆರ್ಸಿಯಲ್ಲಿ ಒಂದೊಂದು ಪಿಸ್ತೂಲಿಗೂ ಬೇರೆ ಪರ್ಮಿಟ್.

ಮನೆಗೆ ತಂದ ಮೇಲೆ

ಪಿಸ್ತೂಲಿನ ಜೊತೆ ಬೀಗವನ್ನೋ ಅಂಥ ಇನ್ನೊಂದು ಸುರಕ್ಷತಾ ಸಾಧನವನ್ನೋ ಕೊಡಬೇಕು ಅಂತ ಕಾನೂನಿದೆ. ಅದನ್ನು ಡಬ್ಬದಲ್ಲೇ ಬಿಡಬೇಡಿ. ಗಟ್ಟಿ ಪೆಟ್ಟಿಗೆ ತನ್ನಿ, ಬಂದೂಕು ಬೇರೆ, ತೋಟಾ ಬೇರೆ ಇಡಿ. ಬೇಸಿಗೆಯಲ್ಲಿ ಊರಿಂದ ಅಪ್ಪ ಅಮ್ಮ ಬರುತ್ತಾರೆ, ಗೆಳೆಯರ ಮಕ್ಕಳು ಮನೆ ತುಂಬ ಓಡಾಡುತ್ತವೆ. ಹಾಸಿಗೆ ಕೆಳಗಿನ ಡ್ರಾಯರ್ ಬಂದೂಕು ಇಡುವ ಜಾಗ ಅಲ್ಲ.

ಇನ್ನೊಂದು ವಿಷಯ, ಇದು ಊರಿಗೆ ಹೋಗುವವರಿಗೆ. ರೇಂಜ್‌ಗೆ ಒಯ್ಯುವ ಬ್ಯಾಗನ್ನು ಯಾವತ್ತೂ ಇಂಡಿಯಾ ಪ್ರಯಾಣಕ್ಕೆ ಬಳಸಬೇಡಿ. ಮೂಲೆಯಲ್ಲಿ ಮರೆತುಹೋದ ಒಂದೇ ಒಂದು ತೋಟಾ ಸ್ಕ್ಯಾನರ್‌ನಲ್ಲಿ ಕಂಡರೂ, ಲೈಸೆನ್ಸ್ ಇಲ್ಲದವರ ಮೇಲೆ 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಕೇಸ್ ಬೀಳಬಹುದು. ರೇಂಜ್‌ಗೆ ಒಂದು ಬ್ಯಾಗ್ ಬೇರೆ ಇಡಿ, ಕಣ್ಣಿಗೆ ಹೊಡೆಯುವ ಬಣ್ಣದ್ದು. ಅದು ಸೂಟ್‌ಕೇಸ್ ಇಡುವ ಕಪಾಟಿಗೆ ಹೋಗದಿರಲಿ.