ಅರ್ಧ ಕಟ್ಟಿದ ಮನೆ ಕೆಲಸ ಬಿಟ್ಟೆ, ಹೆಸರು ಕೆಡಲಿಲ್ಲ: ನನ್ನ ಅನುಭವ

ಮೊದಲ ಮಹಡಿಯ ಪಿಲ್ಲರ್ ಕಂಬಿ ಇನ್ನೂ ಆಕಾಶ ನೋಡ್ತಾ ನಿಂತಿರುವಾಗ ಮೇಸ್ತ್ರಿಯಾದ ನಾನು ಒಂದು ಮನೆ ಕೆಲಸ ಬಿಟ್ಟು ಬಂದೆ. 2022ರ ಸೆಪ್ಟೆಂಬರ್. ತುಮಕೂರಿನ ಕ್ಯಾತ್ಸಂದ್ರದ ಕಡೆ 30-40 ಸೈಟು, ಬರೀ ಲೇಬರ್ ಕಾಂಟ್ರಾಕ್ಟ್, ಅಂದರೆ ಸಿಮೆಂಟು ಕಂಬಿ ಓನರದು, ಆಳು ಕೆಲಸ ನನ್ನದು. ಗುಬ್ಬಿ ಗೇಟ್ ಹತ್ತಿರ ನಮ್ಮವರೆಲ್ಲ ಬೆಳಗ್ಗೆ ಸೇರುವ ಟೀ ಅಂಗಡಿಯಲ್ಲಿ ಅವತ್ತು ಒಂದೇ ಮಾತು. "ಮುಗೀತು ಗುರು ನಿನ್ ಕಥೆ. ಅರ್ಧಕ್ಕೆ ಬಿಟ್ಟೋನಿಗೆ ಇನ್ಯಾರ್ ಕೊಡ್ತಾರೆ ಕೆಲಸ?" ಆಮೇಲೆ ಏನಾಯ್ತು ಗೊತ್ತಾ? ಅದೇ ಓನರ್ ತಮ್ಮ ಭಾಮೈದನ ಮನೆ ಕೆಲಸ ನನಗೇ ಕೊಡಿಸಿದರು. ಟೀ ಅಂಗಡಿಯವರು ಈಗ ಆ ಮಾತು ಎತ್ತಲ್ಲ. ಅದಕ್ಕೇ ನಾನೇ ಎತ್ತುತ್ತಿದ್ದೇನೆ.

ಮನೆಯಲ್ಲಿ ಕಷ್ಟ ಬಂದಾಗ ಕಾಂಟ್ರಾಕ್ಟ್ ಬಿಡಬಹುದಾ ಅಂತ ಕೇಳಿದರೆ ಬಿಡಬಹುದು ಅಂತೀನಿ. ಆದರೆ ಇದು ನನಗೆ ಸರಿಹೋಗಿದ್ದು ಮೂರನೇ ಸಲಕ್ಕೆ. ಮೊದಲ ಎರಡು ಸಲ ಚೆನ್ನಾಗಿ ಹೊಡೆತ ತಿಂದಿದ್ದೇನೆ.

ಮೊದಲನೇದು 2013ರಲ್ಲಿ, ಮರಳೂರಿನ ಒಂದು ಮನೆ. ಹೆಂಡತಿಗೆ ಏಳು ತಿಂಗಳು, ಪಾವಗಡದಲ್ಲಿ ತವರಲ್ಲಿದ್ದಳು. ಒಂದು ರಾತ್ರಿ ರಕ್ತ ಹೋಗ್ತಿದೆ ಅಂತ ಫೋನ್ ಬಂತು. ಬೆಳಗ್ಗೆ ಐದರ ಬಸ್ಸಿಗೆ ಹೊರಟೆ. ಓನರಿಗೆ ಹೇಳಿದ್ದು ಮೂರನೇ ದಿನ, ಅದೂ ಅವರೇ ಫೋನ್ ಮಾಡಿದಾಗ. ವಾಪಸ್ ಬಂದಿದ್ದು 22 ದಿನಕ್ಕೆ. ಅಷ್ಟರಲ್ಲಿ ಅವರು ಬೇರೆ ಮೇಸ್ತ್ರಿ ಕರೆಸಿದ್ದರು. ಕಾಂಕ್ರೀಟಿಗೆ ಅಚ್ಚಾಗಿ ಕೂರಿಸುವ ನನ್ನ 60 ಸೆಂಟ್ರಿಂಗ್ ಶೀಟು, ಮಿಕ್ಸರ್ ಮಿಷನ್ನು ಒಳಗಿಟ್ಟು ಬೀಗ ಹಾಕಿದ್ದರು. ಕೆಲಸವನ್ನು ಅವರೇ ಅಳೆದುಕೊಂಡಿದ್ದರು. ಸಂಪು ಲೆಕ್ಕಕ್ಕಿಲ್ಲ, ಟಾಯ್ಲೆಟ್ಟಿಗೆ ತಗ್ಗಿಸಿ ಹಾಕುವ ಸಂಕನ್ ಸ್ಲ್ಯಾಬ್ ಲೆಕ್ಕಕ್ಕಿಲ್ಲ, ಮೆಟ್ಟಿಲು ಅರ್ಧ ಲೆಕ್ಕ. "ಬಿಟ್ಟು ಹೋದೋನು ನೀನು, ಈಗ ಲೆಕ್ಕ ಕೇಳ್ತೀಯಾ?" ಅಂದರು. ನನ್ನ ಹತ್ತಿರ ಒಂದು ಚೀಟಿಯೂ ಇರಲಿಲ್ಲ. ಸುಮಾರು 1 ಲಕ್ಷ 40 ಸಾವಿರ ಅಲ್ಲೇ ಹೋಯ್ತು. ಶೀಟು ಬಿಡಿಸಿಕೊಳ್ಳೋಕೆ ಎರಡು ತಿಂಗಳು ಅಲೆದೆ, ಬಂದಿದ್ದು 60ರಲ್ಲಿ 40 ಚಿಲ್ಲರೆ. ಮಗಳು ಚೆನ್ನಾಗಿದ್ದಾಳೆ, ಆ ಲೆಕ್ಕ ಬೇರೆ.

ಎರಡನೇದು 2018. ಈ ಸಲ ಬುದ್ಧಿ ಬಂದಿದೆ ಅಂದುಕೊಂಡು ಉಲ್ಟಾ ತಪ್ಪು ಮಾಡಿದೆ. ಅಪ್ಪನಿಗೆ ಸ್ಟ್ರೋಕ್ ಆಯ್ತು, ಎಡಗಡೆ ಪೂರ್ತಿ ಬಿದ್ದುಹೋಯ್ತು. ಶಿರಾ ರಸ್ತೆಯಲ್ಲಿ ಅಂಗಡಿ ಮಳಿಗೆ ಕೆಲಸ ನಡೀತಿತ್ತು. ಬಿಡಲಿಲ್ಲ. ಹಗಲು ಸೈಟು, ರಾತ್ರಿ ಆಸ್ಪತ್ರೆ. ಎರಡು ತಿಂಗಳು ಹಾಗೇ ಓಡಾಡಿದೆ. ಒಂದು ದಿನ ಪಿಲ್ಲರಿಗೆ ಕಾಂಕ್ರೀಟ್ ಹಾಕುವ ಹೊತ್ತಿಗೆ ಡಾಕ್ಟರ್ ಕರೆದರು ಅಂತ ಓಡಿದೆ. ಹುಡುಗರು ಕಾಂಕ್ರೀಟ್ ಅದುರಿಸಿ ಕೂರಿಸುವ ವೈಬ್ರೇಟರ್ ಕೆಟ್ಟಿದೆ ಅಂತ ಕೋಲಲ್ಲಿ ಚುಚ್ಚಿ ಮುಗಿಸಿದರು. ಪೆಟ್ಟಿಗೆ ಬಿಚ್ಚಿದರೆ ಮೂಲೆ ಪಿಲ್ಲರಿನ ಬುಡದಲ್ಲಿ ಜೇನುಗೂಡು. ಜಲ್ಲಿ ಕೈಯಲ್ಲಿ ಕಿತ್ತು ಬರ್ತಿತ್ತು, ಒಳಗಿನ ಕಂಬಿ ಕಾಣ್ತಿತ್ತು. ಎಂಜಿನಿಯರ್ ಸುತ್ತಿಗೆಯಲ್ಲಿ ಒಂದು ಏಟು ಹೊಡೆದು ನನ್ನ ಮುಖ ನೋಡಿದರು, ಅಷ್ಟೇ. ಒಡೆದು ಮತ್ತೆ ಹಾಕಿಕೊಟ್ಟೆ. ಖರ್ಚು 38 ಸಾವಿರದ ಹತ್ತಿರ. ಆ ಕೆಲಸದಲ್ಲಿ ಕೊನೆಗೆ ಉಳಿದಿದ್ದು ಸೊನ್ನೆ. ಅಪ್ಪ ಮೂರನೇ ತಿಂಗಳು ಹೋದರು. ಹತ್ತಿರ ಕೂತು ಮಾತಾಡಿದ್ದು ಲೆಕ್ಕ ಹಾಕಿದರೆ ನಾಲ್ಕೈದು ಸಂಜೆ. ಟೀ ಅಂಗಡಿಯವರು ಮಾತ್ರ ಹೊಗಳಿದರು, "ಕೆಲಸ ಬಿಡಲಿಲ್ಲ ನೋಡು" ಅಂತ.

ಆ ಸೈಟಲ್ಲಿ ಒಂದು ಒಳ್ಳೆ ಕೆಲಸವೂ ಆಯ್ತು, ಇಲ್ಲೇ ಹೇಳಿಬಿಡ್ತೀನಿ. ಬೇಸಿಗೆ. ಪಿಲ್ಲರಿಗೆ ನೀರು ಹಾಕೋಕೆ ನಾನಿಲ್ಲ, ವಾಚ್‌ಮನ್ ಹಾಕಲ್ಲ. ಗುಬ್ಬಿ ಹತ್ತಿರ ಮಾವನ ಅಡಿಕೆ ತೋಟದಲ್ಲಿ ಹಳೇ ಡ್ರಿಪ್ ಪೈಪು ಬಿದ್ದಿತ್ತು. ತಂದು ಪ್ರತಿ ಪಿಲ್ಲರಿಗೂ ಗೋಣಿ ಸುತ್ತಿ, ಮೇಲೆ ಎರಡು ಸುತ್ತು ಪೈಪು ಕಟ್ಟಿ, ಡ್ರಮ್ಮಿನಿಂದ ನೀರು ಬಿಟ್ಟೆ. ಬೆಳಗ್ಗೆ ಒಂದು ಡ್ರಮ್ಮು ತುಂಬಿಸಿದರೆ ಸಂಜೆವರೆಗೂ ಗೋಣಿ ಒದ್ದೆ. ಖರ್ಚು ಇನ್ನೂರೋ ಮುನ್ನೂರೋ. ಈಗಲೂ ಮಾಡ್ತೀನಿ. ಕೋವಿಡ್ ಆದಮೇಲೆ ಸೈಟಿಗೆ ಸಿಮ್ ಹಾಕುವ ಕ್ಯಾಮೆರಾ ತಂದೆ, ಮನೆಯಿಂದಲೇ ಕೆಲಸ ನೋಡೋಣ ಅಂತ. ಅದು ದಂಡ. ಆಳು ಇದಾನಾ ಇಲ್ವಾ ಕಾಣುತ್ತೆ, ಗೋಡೆ ತೂಗುಗುಂಡಿಗೆ ನೇರ ಇದೆಯಾ ಇಲ್ವಾ ಕಾಣಲ್ಲ. ಹುಡುಗರು ಎರಡೇ ದಿನದಲ್ಲಿ ಅದಕ್ಕೆ ಕಾಣದ ಮೂಲೆ ಹುಡುಕಿಕೊಂಡರು. ಈಗ ನಮ್ಮ ಕೊಟ್ಟಿಗೆಯಲ್ಲಿದೆ.

ಸರಿ, ಮೂರನೇದಕ್ಕೆ ಬರೋಣ. ಅದೇ ಕ್ಯಾತ್ಸಂದ್ರದ್ದು. 20 ಚದರದ ಮನೆ (ಒಂದು ಚದರ ಅಂದರೆ ನೂರು ಚದರಡಿ), ಕೆಳಗೆ ಹತ್ತು ಮೇಲೆ ಹತ್ತು. ಚದರಕ್ಕೆ 33 ಸಾವಿರ, ಒಟ್ಟು 6 ಲಕ್ಷ 60 ಸಾವಿರ. ಕೆಳಗಿನ ಮೋಲ್ಡ್, ಅಂದರೆ ತಾರಸಿ ಕಾಂಕ್ರೀಟ್, ಹಾಕಿ ಆರನೇ ದಿನ. ಊರಲ್ಲಿ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ತುಮಕೂರಿಗೆ ತಂದು ಸೇರಿಸಿದೆ. ಆಪರೇಷನ್ ಆಗಬೇಕು, ಆಮೇಲೆ ವಾಕರು, ಮೂರು ತಿಂಗಳು ಒಬ್ಬರು ಜೊತೆಗಿರಲೇಬೇಕು ಅಂದರು ಡಾಕ್ಟರ್. ತಂಗಿ ಇರೋದು ದಾವಣಗೆರೆಯಲ್ಲಿ. ಹೆಂಡತಿ ಗಾರ್ಮೆಂಟ್ಸಿಗೆ ಹೋಗ್ತಾಳೆ, ಆ ತಿಂಗಳು ಗ್ಯಾರಂಟಿಯಾಗಿ ಬರುವ ಸಂಬಳ ಅಂದರೆ ಅವಳದೊಂದೇ. ಉಳಿದವನು ನಾನು.

ಬರೀ ಆಪರೇಷನ್ ಆಗಿದ್ದರೆ ಬಿಡ್ತಿರಲಿಲ್ಲ. ಹತ್ತು ದಿನದ ಕಷ್ಟಕ್ಕೆ ಕೆಲಸ ಬಿಡೋದು ದಡ್ಡತನ, ಯಾರಾದರೂ ಗೆಳೆಯನನ್ನು ನಿಲ್ಲಿಸಿ ತಳ್ಳಬಹುದು. ಮೂರು ತಿಂಗಳು ತಳ್ಳೋಕಾಗಲ್ಲ. 2018ರಲ್ಲಿ ನೋಡಿದ್ದೆನಲ್ಲ.

ಅವತ್ತೇ ರಾತ್ರಿ ಒಂಬತ್ತಕ್ಕೆ ಆಸ್ಪತ್ರೆ ಮೆಟ್ಟಿಲ ಮೇಲಿಂದ ಓನರಿಗೆ ಫೋನ್ ಮಾಡಿದೆ. ರಿಟೈರ್ಡ್ ಬ್ಯಾಂಕಿನವರು, ಲೆಕ್ಕದಲ್ಲಿ ಪಕ್ಕಾ. "ಸಾರ್, ಅಮ್ಮ ಬಿದ್ದಿದ್ದಾರೆ. ಮುಂದಿನ ಕೆಲಸ ನನ್ನ ಕೈಲಾಗಲ್ಲ. ಮೋಲ್ಡ್ ಬಿಚ್ಚೋವರೆಗೂ ನಾನಿರ್ತೀನಿ. ಬೇರೆ ಮೇಸ್ತ್ರೀನ ನಾನೇ ಕರ್ಕೊಂಡ್ ಬರ್ತೀನಿ. ನಾಳಿದ್ದು ಎಂಜಿನಿಯರ್ ಮುಂದೆ ಕೂತು ಅಳೆಯೋಣ" ಅಂದೆ. ಅವರು ಕೂಗಾಡಿದರು. "ನಿಮ್ಮನೆ ಕಷ್ಟ ಸರಿ, ನನ್ನ ಮನೆ ಕಥೆ ಏನಪ್ಪಾ? ಬಾಡಿಗೆ ಯಾರು ಕಟ್ತಾರೆ?" ಕೂಗಲಿ ಅಂತ ಬಿಟ್ಟೆ. ಅವರ ಜಾಗದಲ್ಲಿ ನಾನಿದ್ದರೂ ಕೂಗ್ತಿದ್ದೆ.

ಮಾರನೇ ದಿನ ಪರಿಚಯದ ವಕೀಲರನ್ನು ಕೇಳಿದೆ. ಮನೆಯಲ್ಲಿ ಕಾಯಿಲೆ ಅಂದ ಮಾತ್ರಕ್ಕೆ 1872ರ ಕಾಂಟ್ರಾಕ್ಟ್ ಕಾಯ್ದೆಯಲ್ಲಿ ಬಿಡುಗಡೆ ಸಿಗಲ್ಲ ಅಂದರು. ಸುಮ್ನೆ ಬಿಟ್ಟು ಹೋದರೆ ಸೆಕ್ಷನ್ 73ರಲ್ಲಿ ಓನರ್ ನಷ್ಟ ಕೇಳಬಹುದು. ಇಬ್ಬರೂ ಒಪ್ಪಿ ಹಳೇ ಕರಾರಿನ ಜಾಗಕ್ಕೆ ಹೊಸದು ಮಾಡಿಕೊಂಡರೆ ಸೆಕ್ಷನ್ 62ರ ಪ್ರಕಾರ ಹಳೇದನ್ನು ನಡೆಸಿಕೊಡುವ ಹಂಗಿಲ್ಲ. "ನೀನು, ಓನರು, ಹೊಸ ಮೇಸ್ತ್ರಿ ಮೂರೂ ಜನ ಸೈನ್ ಹಾಕಿ, ಕಾಫಿ ಕುಡಿದು ಎದ್ದೇಳಿ" ಅಂದರು. ಫೀಸು ತಗೊಳ್ಳಲಿಲ್ಲ. ಅವರ ಕಾಂಪೌಂಡಿಗೆ ಹಿಂದೆ ನಾನೇ ಪ್ಲಾಸ್ಟರ್ ಮಾಡಿಕೊಟ್ಟಿದ್ದೆ.

ಅಳತೆಗೆ ಒಂದು ಬೆಳಗ್ಗೆ ಪೂರ್ತಿ ಹಿಡಿಯಿತು. ಟೇಪಿನ ಒಂದು ತುದಿ ನಾನು, ಇನ್ನೊಂದು ತುದಿ ಎಂಜಿನಿಯರ್. ಓನರ್ ನೋಟ್‌ಬುಕ್ಕಲ್ಲಿ ಬರೆದರು. ಸಂಪು, ಸಂಕನ್, ಮೆಟ್ಟಿಲು, ಸಜ್ಜಾ, ಎಲ್ಲ ಬೇರೆ ಬೇರೆ ಸಾಲು. 2013ರಲ್ಲಿ ಬಿಟ್ಟುಹೋದ ಒಂದೊಂದು ಐಟಮ್ಮೂ ನನಗೆ ಬಾಯಿಪಾಠ ಆಗಿತ್ತು. ಪ್ರತಿ ಹಾಳೆಗೂ ಮೂರು ಸೈನು, ಪ್ರತಿ ಗೋಡೆಗೂ ಫೋಟೋ. ಓನರ್ ಕೊಡಿಸಿಟ್ಟಿದ್ದ ಸಿಮೆಂಟ್ ಮೂಟೆ ಸಹ ಎಣಿಸಿ ಬರೆದೆವು.

ಮೇಲಿನ ಪಿಲ್ಲರ್ ಕಂಬಿಗಳನ್ನು ನೋಡುವಾಗ ಅಡುಗೆಮನೆ ಮೂಲೆಯದು ಒಂದಿಂಚು ಒಳಗೆ ಸರಿದಿತ್ತು. ಮೋಲ್ಡ್ ಹಾಕುವ ದಿನ ಯಾರೋ ತುಳಿದಿದ್ದು. ಎಂಜಿನಿಯರ್ ಕಣ್ಣಿಗೆ ಬಿದ್ದಿರಲಿಲ್ಲ. ಒಂದು ಗಳಿಗೆ ಸುಮ್ಮನಿದ್ದೆ. ಆಮೇಲೆ ನಾನೇ, "ಸಾರ್, ಇದೊಂದು ಔಟ್ ಇದೆ, ಬರ್ಕೊಳ್ಳಿ" ಅಂದೆ. ಓನರ್ ಪೆನ್ನು ನಿಲ್ಲಿಸಿ ನನ್ನನ್ನೇ ನೋಡಿದರು. ಅಲ್ಲಿವರೆಗೂ ನಾನು ದುಡ್ಡು ಹೊಡೆಯೋಕೆ ನೆಪ ಹೇಳ್ತಿದೀನಿ ಅಂತಲೇ ಅವರ ತಲೆಯಲ್ಲಿತ್ತು. ಮಧ್ಯಾಹ್ನ ಅವರೇ ತಟ್ಟೆ ಇಡ್ಲಿ ಕೊಡಿಸಿದರು.

ಅಳತೆ ಪ್ರಕಾರ ಆದ ಕೆಲಸ ಸುಮಾರು 3 ಲಕ್ಷ 10 ಸಾವಿರ. ತಗೊಂಡಿದ್ದು 2 ಲಕ್ಷ 60. ನನಗೆ ಬರಬೇಕಾದ್ದು 50 ಸಾವಿರ. ಉಳಿದ ಕೆಲಸ ಮೂರೂವರೆ ಲಕ್ಷದ್ದು. ಹೊಸ ಮೇಸ್ತ್ರಿ ನಾಲ್ಕೂಕಾಲು ಕೇಳಿದರು. ಇನ್ನೊಬ್ಬರ ಕೈಯ ಕೆಲಸಕ್ಕೆ ಕೈ ಹಾಕೋದು ಅಂದರೆ ಯಾರಾದರೂ ಜಾಸ್ತಿ ಕೇಳ್ತಾರೆ, ತಪ್ಪಲ್ಲ. ಕೊನೆಗೆ ಮೂರೂಮುಕ್ಕಾಲಿಗೆ ನಿಂತಿತು. ಐವತ್ತು ಸಾವಿರ ಹೇಗೆ ಇಳಿಸಿದೆ ಅನ್ನೋದು ನನ್ನಲ್ಲೇ ಇರಲಿ, ಮುಂದೆ ಬೇಕಾಗುತ್ತೆ. ವ್ಯತ್ಯಾಸದ 25 ಸಾವಿರ ನನ್ನ ಬಾಕಿಯಿಂದಲೇ ಬಿಟ್ಟೆ. ಓನರಿಗೆ ಒಂದು ರೂಪಾಯಿ ಜಾಸ್ತಿ ಬೀಳಲಿಲ್ಲ. 15 ಸಾವಿರ ಅವರ ಹತ್ತಿರವೇ ಇರಲಿ, ಮೇಲಿನ ಮೋಲ್ಡ್ ಆದಮೇಲೆ ಕೊಡಿ ಅಂದೆ. ಕೈಗೆ ಬಂದಿದ್ದು ಹತ್ತೇ ಸಾವಿರ. ಆಸ್ಪತ್ರೆ ಬಿಲ್ಲು 1 ಲಕ್ಷ 90ರ ಹತ್ತಿರ ಆಗಿತ್ತು, ಅದರ ಮುಂದೆ ಇದು ಟೀ ಖರ್ಚು.

ಟೀ ಅಂಗಡಿಯವರು ನಕ್ಕಿದ್ದು ಈ 25 ಸಾವಿರಕ್ಕೇ. "ಕೆಲಸಾನೂ ಬಿಟ್ಟೆ, ದುಡ್ಡೂ ಕೊಟ್ಟೆ!" ಅವರು ಒಂದು ಲೆಕ್ಕ ಬಿಟ್ಟಿದ್ದರು. ನನ್ನ ಗ್ಯಾಂಗಿನ ಮೇಲೆ 40 ಸಾವಿರ ಅಡ್ವಾನ್ಸ್ ಇತ್ತು. ಯಾದಗಿರಿ ಕಡೆಯ ಹುಡುಗರು, ಕೆಲಸ ನಿಂತರೆ ಊರಿಗೆ ಹೋಗ್ತಾರೆ, ಅಡ್ವಾನ್ಸ್ ಗೋವಿಂದ. ಹೊಸ ಮೇಸ್ತ್ರಿಗೆ ಗ್ಯಾಂಗನ್ನೂ ಒಪ್ಪಿಸಿದೆ. ಅವರು ಶನಿವಾರದ ಬಟವಾಡೆಯಲ್ಲಿ ಸ್ವಲ್ಪ ಸ್ವಲ್ಪ ಹಿಡಿದು ನನಗೆ ಕೊಡ್ತಾ ಬಂದರು. 34 ಸಾವಿರ ವಾಪಸ್ ಬಂತು. ಹುಡುಗರಿಗೂ ಒಂದು ವಾರದ ಕೂಲಿಯೂ ತಪ್ಪಲಿಲ್ಲ.

ಮೋಲ್ಡ್ ಬಿಚ್ಚೋದು, ಅಂದರೆ ಸ್ಲ್ಯಾಬಿನ ಕೆಳಗಿನ ಶೀಟು, ಆಸರೆಗೆ ನಿಲ್ಲಿಸಿದ ಜಾಕಿ ತೆಗೆಯೋದು, ಮಾತ್ರ ಬೇರೆಯವರಿಗೆ ಬಿಡಲಿಲ್ಲ. ಹಾಲ್ ಸ್ಪ್ಯಾನು (ಆಸರೆಯಿಂದ ಆಸರೆಗೆ ಇರುವ ಅಂತರ) ನಾಲ್ಕೂವರೆ ಮೀಟರಿಗಿಂತ ಜಾಸ್ತಿ, ಕೆಳಗಿನ ಜಾಕಿ 14 ದಿನ ಮುಟ್ಟೋ ಹಾಗಿಲ್ಲ. ಹೊಸ ಮೇಸ್ತ್ರಿಗೆ ಅವಸರ ಇತ್ತು, ಹತ್ತಕ್ಕೇ ಬಿಚ್ಚೋಣ ಅಂದರು. ನಾನು ಹಾಕಿದ ಮೋಲ್ಡು, ನಾನೇ ಬಿಚ್ಚಬೇಕು ಅಂದೆ. ಆ ಎಂಟು ದಿನದ ಶೀಟು ಬಾಡಿಗೆ ನಂದೇ. ಬೆಳಗ್ಗೆ ಒಂದು ಗಂಟೆ ಹೊತ್ತು ಹೆಂಡತಿಯನ್ನು ಅಮ್ಮನ ಹತ್ತಿರ ಕೂರಿಸಿ ಸೈಟಿಗೆ ಬಂದು ಹೋಗ್ತಿದ್ದೆ. ಮೇಲೆ ನಿಂತ ಕಂಬಿಗೆಲ್ಲ ಸಿಮೆಂಟ್ ಹಾಲು ಬಳಿಸಿದೆ, ಮಳೆಗೆ ತುಕ್ಕು ಹಿಡೀಬಾರದು ಅಂತ. ಕೊನೇ ದಿನ ಜಾಕಿ ತೆಗೆಸಿ, ಸ್ಲ್ಯಾಬಿನ ತಳ ಎಂಜಿನಿಯರಿಗೆ ತೋರಿಸಿ ಕಾಗದಕ್ಕೆ ಸೈನ್ ಹಾಕಿದೆವು. ಕೆಳಗಿನ ಮನೆ ಸೋರಿದರೆ ಒಂದು ವರ್ಷ ನನ್ನ ಜವಾಬ್ದಾರಿ, ಮೇಲಿಂದು ಹೊಸ ಮೇಸ್ತ್ರಿಯದು. ಆ ಕಾಗದದಲ್ಲಿ ಇನ್ನೊಂದು ಸಾಲಿದೆ. ಅದು ಬರೆಯಲ್ಲ, ಆ ಸಾಲಿಂದಲೇ ಮುಂದಿನ ಕೆಲಸ ಬಂತು ಅಂತ ನನ್ನ ಅನುಮಾನ.

ಸರ್ಕಾರಿ ಟೆಂಡರ್ ಕೆಲಸದಲ್ಲಿ ಇದನ್ನು ಮಾಡೋಕೆ ಹೋಗಬೇಡಿ. ಅಲ್ಲಿ ಡೆಪಾಸಿಟ್ ಮುಟ್ಟುಗೋಲು ಹಾಕ್ತಾರೆ, ಕಪ್ಪುಪಟ್ಟಿಗೆ ಸೇರಿಸ್ತಾರೆ. ಅಮ್ಮನ ಕಥೆ ಕೇಳೋರು ಇರಲ್ಲ. ನನ್ನದು ಮನೆ ಕಟ್ಟಿಸುವವರ ಜೊತೆ, ಎದುರುಬದುರು ಕೂತು ಮಾತಾಡುವ ಕೆಲಸಕ್ಕೆ.

ಅಮ್ಮ ಎರಡೂವರೆ ತಿಂಗಳಿಗೆ ವಾಕರ್ ಬಿಟ್ಟು ಕೋಲು ಹಿಡಿದರು. ಡಾಕ್ಟರ್ ಹೇಳಿದ್ದಕ್ಕಿಂತ ಹದಿನೈದು ದಿನ ಮೊದಲೇ. ದಿನಾ ಕಾಲು ಮಡಿಸಿ ಬಿಡಿಸುವ ವ್ಯಾಯಾಮ ಮಾಡಿಸಿದ್ದು ನಾನು, ಬೈಸಿಕೊಂಡಿದ್ದೂ ನಾನು. "ಗೋಡೆ ಕಟ್ಟೋ ಕೈ ಇದು, ಮೆತ್ತಗೆ ಹಿಡ್ಕೊಳ್ಳೋ" ಅನ್ನೋರು.

ಫೆಬ್ರವರಿಯಲ್ಲಿ ಓನರ್ 15 ಸಾವಿರ ಕೊಡೋಕೆ ಕರೆದರು. ಹೋದೆ. ಕೈಗಿಟ್ಟಿದ್ದು 14,200. ಎರಡು ಮೂಟೆ ಸಿಮೆಂಟ್ ನೆನೆದು ಗಟ್ಟಿಯಾಗಿತ್ತು, ಅದಕ್ಕೆ ಎಂಟು ನೂರು ಹಿಡಿದಿದೀನಿ ಅಂದರು. ನಾನು ಬಿಟ್ಟ ದಿನ ಆ ಮೂಟೆಗಳು ಟಾರ್ಪಾಲಿನ ಕೆಳಗೆ ಒಣಗಿದ್ದವು, ಫೋಟೋ ತೋರಿಸಿದೆ. ಫೋಟೋದಲ್ಲಿ ಕಾಣೋದು ಮೇಲಿನ ಸಾಲು, ನೆನೆದಿದ್ದು ತಳದ ಸಾಲು ಅಂದರು. ಭಾಮೈದನ ಮನೆಯ ಪಾಯದ ದಿನವೂ ಇದೇ ಜಗಳ ಆಡಿದ್ದೇವೆ. ಇನ್ನೂ ಮುಗಿದಿಲ್ಲ.