ಅಟ್ಟದ ಫ್ಯಾನು ಸದ್ದು ನಿಲ್ಲಿಸಿದರೆ

ಈ ಸಲ ಊರಿಗೆ ಬಂದಾಗ ಶಿರಸಿ, ಕುಮಟಾ ಕಡೆ ಮೂರು ಮನೆಗಳಲ್ಲಿ ಒಂದೇ ಕಥೆ ಕೇಳಿದೆ. ಮಗನೋ ಮಗಳೋ ಟೆಕ್ಸಾಸಿನಲ್ಲಿ ಹಳೇ ಮನೆ ಕೊಂಡಿದ್ದಾರೆ, ಮಹಡಿಯಲ್ಲಿ ರಾತ್ರಿಯೂ ಕಾವು, ಎಸಿ ನಿಲ್ಲುವುದೇ ಇಲ್ಲ. ಹದಿನೆಂಟು ವರ್ಷದಿಂದ ಅಲ್ಲೇ ಇರುವ ನಾನು ಮೊದಲು ಕೇಳುವುದು: ಅಟ್ಟ ಹತ್ತಿ ನೋಡಿದ್ದೀರಾ?

ನಮ್ಮ ಕಡೆಯ ಅಟ್ಟದಲ್ಲಿ ಅಡಿಕೆ ಮೂಟೆ ಇರುತ್ತದೆ, ಬಿಸಿಗಾಳಿ ಹೆಂಚಿನ ಸಂದಿಯಲ್ಲಿ ತಾನೇ ಜಾರಿಹೋಗುತ್ತದೆ. ಅಲ್ಲಿ ಮಾಡಿಗೆ ಹೆಂಚಿನ ಬದಲು ಡಾಂಬರು ಬಳಿದ ಹಾಳೆಯಂಥ ಶಿಂಗಲ್, ಸಂದಿಯೇ ಇಲ್ಲ. ಬೇಸಿಗೆಯ ಮಧ್ಯಾಹ್ನ ಒಳಗೆ 60 ಡಿಗ್ರಿ ಸೆಲ್ಸಿಯಸ್ ಮುಟ್ಟುವುದುಂಟು. ಅದಕ್ಕೇ ಮಾಡಿನಲ್ಲೋ ಗೋಡೆಯ ತುದಿಯಲ್ಲೋ ಒಂದು ಎಕ್ಸಾಸ್ಟ್ ಫ್ಯಾನು. ಸಾಮಾನ್ಯವಾಗಿ 40 ಡಿಗ್ರಿ ಆಸುಪಾಸಿನಲ್ಲಿ ಥರ್ಮೋಸ್ಟಾಟ್, ಅಂದರೆ ಕಾವು ನೋಡಿ ತಾನೇ ಸ್ವಿಚ್ ಹಾಕುವ ಸಾಧನ, ಅದನ್ನು ಎಬ್ಬಿಸಬೇಕು. ಎಷ್ಟೋ ಜನರಿಗೆ ಅದು ಇದೆಯೆಂದೇ ಗೊತ್ತಿಲ್ಲ, ಸತ್ತದ್ದು ಹೇಗೆ ಗೊತ್ತಾಗಬೇಕು!

ಸುಡುಬಿಸಿಲಲ್ಲಿ ಅಂಗಳಕ್ಕಿಳಿದು ಕಿವಿಗೊಡಿ. ಸದ್ದೇ ಇಲ್ಲದಿದ್ದರೆ ಅನುಮಾನ ಪಡಿ. ಗರಗರ ಎಂದರೆ ಬೇರಿಂಗ್ ಸವೆದಿದೆ. ಗುಂಯ್ ಎನ್ನುತ್ತಾ ರೆಕ್ಕೆ ತಿರುಗದಿದ್ದರೆ ಮೋಟಾರೋ ಕೆಪಾಸಿಟರೋ ಹೋಗಿದೆ. ತಣ್ಣನೆಯ ನಡುರಾತ್ರಿಯೂ ಓಡುತ್ತಿದ್ದರೆ ತಪ್ಪು ಹೆಚ್ಚಾಗಿ ಥರ್ಮೋಸ್ಟಾಟಿನದು, ಫ್ಯಾನು ಬದಲಿಸಬೇಡಿ.

ಬೆಳಿಗ್ಗೆ ಹತ್ತರ ಸುಮಾರಿಗೆ ಹತ್ತಿ, ಅಟ್ಟ ಬೆಚ್ಚಗಿರುತ್ತದೆ, ಬೇಯುವುದಿಲ್ಲ. ಥರ್ಮೋಸ್ಟಾಟಿನ ತಿರುಪನ್ನು ಅತಿ ಕಡಿಮೆ ಡಿಗ್ರಿಗೆ ತಿರುಗಿಸಿ. ಫ್ಯಾನು ಎದ್ದರೆ ಮೋಟಾರು ಬದುಕಿದೆ. ಏಳದಿದ್ದರೆ ಬ್ರೇಕರ್ ಆರಿಸಿ ರೆಕ್ಕೆಯನ್ನು ಕೈಯಿಂದ ತಿರುಗಿಸಿ. ಬಿಗಿದುಕೊಂಡಿದ್ದರೆ, ಅಲುಗಾಡಿದರೆ, ಅದರ ಕಾಲ ಮುಗಿಯಿತು. ಹತ್ತು ಹದಿನೈದು ವರ್ಷದ್ದಾದರೆ ಇಡೀ ಫ್ಯಾನನ್ನೇ ಬದಲಿಸಿ. ಅದಕ್ಕಿಂತ ಹೊಸತಾದರೆ ಮೋಟಾರು ಮಾತ್ರ ಸಾಕು.

ಹಲಗೆಯ ಅಟ್ಟದಲ್ಲಿ ಓಡಾಡಿ ಬೆಳೆದವನು ನಾನು. ಅಲ್ಲಿ ಕಾವು ತಡೆಯಲು ಹಾಸಿದ ಹತ್ತಿಯಂಥ ಇನ್ಸುಲೇಷನ್ ಮೇಲೆ ಧೈರ್ಯವಾಗಿ ಕಾಲಿಟ್ಟೆ. ಕೆಳಗಿದ್ದದ್ದು ಅರ್ಧ ಇಂಚಿನ ಡ್ರೈವಾಲ್, ಅಂದರೆ ಜಿಪ್ಸಂ ಹಾಳೆಯ ಚಾವಣಿ. ಮೊಣಕಾಲವರೆಗೆ ಮಲಗುವ ಕೋಣೆಗೆ ಇಳಿದೆ. ಹೆಂಡತಿ ಕೆಳಗಿಂದ ಚಪ್ಪಲಿಯ ಗುರುತು ಹಿಡಿದಳು. ಜಂತಿ ಬಿಟ್ಟು ಬೇರೆಲ್ಲೂ ಹೆಜ್ಜೆ ಇಡಬೇಡಿ.

ಹೊಸ ಫ್ಯಾನು ಹಾಕಿಸುವ ಮುಂಚೆ ಸೂರಿನಡಿಯ ಗಾಳಿಕಂಡಿಗಳನ್ನು ನೋಡಿ. ನನ್ನ ಫ್ಯಾನು ಹಾಕಿದವರು ನೋಡಲಿಲ್ಲ, ನಾನೂ ಕೇಳಲಿಲ್ಲ. ಕಂಡಿಗಳು ಇನ್ಸುಲೇಷನ್‌ನಿಂದ ಮುಚ್ಚಿದ್ದವು, ಎರಡು ಬೇಸಿಗೆ ದುಡ್ಡು ಕೊಟ್ಟು ತಣ್ಣಗಾಗಿಸಿದ ಗಾಳಿಯನ್ನು ಆಕಾಶಕ್ಕೆ ಕಳಿಸಿದೆ. ಫ್ಯಾನಿನ ಪ್ರತಿ 300 ಸಿಎಫ್‌ಎಂಗೆ (ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ ಎಂಬ ಅಳತೆ) ಒಂದು ಚದರ ಅಡಿ ತೆರೆದ ಕಂಡಿ ಬೇಕೆಂಬುದು ವಾಡಿಕೆಯ ಲೆಕ್ಕ. ಕಂಡಿ ಕಡಿಮೆಯಾದರೆ ಫ್ಯಾನು ಮನೆಯೊಳಗಿನ ಗಾಳಿಯನ್ನೇ ಎಳೆಯುತ್ತದೆ. ಗ್ಯಾಸ್ ಗೀಸರ್ ಇದ್ದಲ್ಲಿ ಅದರ ಹೊಗೆ ಒಳಗೆ ತಿರುಗಬಹುದು. ಆ ಹೊಗೆಯಲ್ಲಿರಬಹುದಾದ ವಾಸನೆಯಿಲ್ಲದ ವಿಷಾನಿಲ ಕಾರ್ಬನ್ ಮೊನಾಕ್ಸೈಡ್, ಅದರ ಅಲಾರಂ ಇರಲೇಬೇಕು.

ಇನ್ನು ಬೂಷ್ಟಿನ ವಾಸನೆ. ಕಾರವಾರದವರಿಗೆ ಅದನ್ನು ವಿವರಿಸಬೇಕಿಲ್ಲ. ಮಾಡಿನಿಂದ ಇಣುಕುವ ಮೊಳೆಗಳ ತುದಿಗೆ ತುಕ್ಕು ಕಂಡರೆ, ಮೊದಲು ಬಚ್ಚಲಿನ ಫ್ಯಾನಿನ ಕೊಳವೆ ಹುಡುಕಿ. ಎಷ್ಟೋ ಮನೆಗಳಲ್ಲಿ ಅದು ಹೊರಗೆ ಹೋಗದೆ ಅಟ್ಟದಲ್ಲೇ ಬಾಯಿ ತೆರೆದಿರುತ್ತದೆ, ಬಚ್ಚಲಿನ ತೇವವೆಲ್ಲ ಅಲ್ಲೇ ಸೇರುತ್ತದೆ.