ಮೇಲ್ ಸರ್ವರ್‌ಗೆ ಒಂದೇ ಹೆಸರು, ಎಲ್ಲಾ ಕಡೆ

ಶಿವಮೊಗ್ಗ ಸುತ್ತಮುತ್ತಲ ಕೆಲವು ಸಹಕಾರಿ ಸಂಘಗಳ ಮೇಲ್ ಸರ್ವರ್ ನೋಡಿಕೊಳ್ಳುವುದು ನನ್ನ ಕೆಲಸ. "ಸರ್, ಜಿಮೇಲ್‌ಗೆ ಹೋದ ಮೇಲ್ ವಾಪಸ್ ಬರ್ತಿದೆ" ಅಂತ ಫೋನ್ ಬಂದರೆ ಡಿಕಿಮ್ (ಮೇಲ್‌ಗೆ ಹಾಕುವ ಡಿಜಿಟಲ್ ಸಹಿ), ಸ್ಪ್ಯಾಮ್ ಫಿಲ್ಟರ್ ಎಲ್ಲ ಆಮೇಲೆ. ಮೊದಲು ಬೌನ್ಸ್‌ನಲ್ಲಿ (ವಾಪಸ್ ಬಂದ ಮೇಲ್‌ನಲ್ಲಿ) 550 5.7.25 ಎಂಬ ಎರರ್ ಕೋಡ್ ಇದೆಯಾ ನೋಡುತ್ತೇನೆ. ಇದ್ದರೆ ತಕರಾರು ಹೆಸರಿನದೇ: ಸರ್ವರ್‌ನ ಐಪಿಗೆ (ಇಂಟರ್ನೆಟ್‌ನಲ್ಲಿ ಅದರ ಅಂಕಿಯ ವಿಳಾಸ) ಹೆಸರಿಲ್ಲ, ಇಲ್ಲವೇ ಆ ಹೆಸರು ಅದೇ ಐಪಿಗೆ ವಾಪಸ್ ಬರುತ್ತಿಲ್ಲ.

ಡೊಮೇನ್ ಮುಂದೆ 'ಮೇಲ್' ಅಂತ ಸೇರಿಸಿ, ಅದನ್ನೇ ಸರ್ವರ್‌ನ ಹೆಸರು ಮಾಡಿ. ಬರೀ ಡೊಮೇನ್ ಬೇಡ, ಅದು ಸಾಮಾನ್ಯವಾಗಿ ವೆಬ್‌ಸೈಟ್‌ನ ಐಪಿ ತೋರಿಸುತ್ತಿರುತ್ತದೆ. ಡೊಮೇನ್‌ನ ಡಿಎನ್‌ಎಸ್‌ನಲ್ಲಿ (ಹೆಸರು-ಐಪಿಗಳ ಪಟ್ಟಿ) ಹೊಸ ಹೆಸರಿಗೆ ಎ ರೆಕಾರ್ಡ್ (ಹೆಸರಿನ ಐಪಿ ಹೇಳುವ ದಾಖಲೆ) ಹಾಕಿ, ಎಂಎಕ್ಸ್‌ನಲ್ಲಿ (ಡೊಮೇನ್‌ಗೆ ಬರುವ ಮೇಲ್ ಯಾವ ಸರ್ವರ್‌ಗೆ ಅಂತ ಹೇಳುವ ದಾಖಲೆ) ಅದೇ ಹೆಸರು ಕೊಡಿ. ಎಂಎಕ್ಸ್‌ಗೆ ಸಿನೇಮ್ (ಇನ್ನೊಂದು ಹೆಸರಿಗೆ ಕೈತೋರಿಸುವ ಅಡ್ಡಹೆಸರು) ಆಗಿರುವ ಹೆಸರು ಕೊಡುವಂತಿಲ್ಲ, 1997ರ ಆರ್‌ಎಫ್‌ಸಿ 2181 ಎಂಬ ಇಂಟರ್ನೆಟ್ ಮಾನದಂಡದಲ್ಲೇ ಹಾಗಂತ ಇದೆ. ಡಿಎನ್‌ಎಸ್‌ಗೆ ಕ್ಲೌಡ್‌ಫ್ಲೇರ್ ಸೇವೆ ಬಳಸುವವರು ಈ ಎ ರೆಕಾರ್ಡ್‌ನ ಕಿತ್ತಳೆ ಮೋಡವನ್ನು ಬೂದು ಮಾಡಿ (ಅಂದರೆ ಪ್ರಾಕ್ಸಿ ಆಫ್ ಮಾಡಿ). ಇಲ್ಲದಿದ್ದರೆ ಹೊರಗೆ ಕಾಣುವುದು ಅವರ ಐಪಿ.

ಇನ್ನು ಪಿಟಿಆರ್, ಅಂದರೆ ಐಪಿಯಿಂದ ಹೆಸರು ಹೇಳುವ ತಿರುವು ದಾಖಲೆ. ಜನ ಒದ್ದಾಡುವುದು ಇಲ್ಲೇ. ಡೊಮೇನ್ ಕೊಂಡ ಕಡೆಯ ಪ್ಯಾನೆಲ್‌ನಲ್ಲಿ ಇದಕ್ಕಾಗಿ ಎಷ್ಟು ತಡಕಾಡಿದರೂ ಪ್ರಯೋಜನವಿಲ್ಲ, ಐಪಿ ಯಾರದೋ ಪಿಟಿಆರ್ ಅವರ ಕೈಯಲ್ಲಿ. ವಿಪಿಎಸ್ (ಬಾಡಿಗೆ ವರ್ಚುವಲ್ ಸರ್ವರ್) ಆದರೆ ಹೋಸ್ಟಿಂಗ್ ಪ್ಯಾನೆಲ್‌ನಲ್ಲಿ 'ರಿವರ್ಸ್ ಡಿಎನ್‌ಎಸ್' ಅಂತ ಇರುತ್ತದೆ. ಲೀಸ್ಡ್ ಲೈನ್ ಆದರೆ ಐಎಸ್‌ಪಿಗೆ (ಇಂಟರ್ನೆಟ್ ಕೊಡುವ ಕಂಪನಿಗೆ) ಟಿಕೆಟ್ ಹಾಕಬೇಕು. ಫೋನಿನಲ್ಲಿ ಹೇಳಿ ಸುಮ್ಮನಾಗಬೇಡಿ, ಐಪಿ ಮತ್ತು ಪೂರ್ತಿ ಹೆಸರು ಬರೆದು ಕಳಿಸಿ. ಒಂದು ಸಂಘದ ಲೈನಿಗೆ ಐಎಸ್‌ಪಿಯವರು 'ಮೇಲ್' ಬಿಟ್ಟು ಬರೀ ಡೊಮೇನ್ ಹಾಕಿದ್ದರು. ಪಿಟಿಆರ್ ಇತ್ತು, ಆದರೆ ಆ ಹೆಸರು ಹುಡುಕಿದರೆ ಸಿಗುತ್ತಿದ್ದದ್ದು ವೆಬ್‌ಸೈಟ್‌ನ ಐಪಿ. ಹೋಗಿ ಬರುವ ದಾರಿ ಎರಡೂ ಕೂಡಬೇಕು, ಇಲ್ಲದಿದ್ದರೆ ಗೂಗಲ್ ಒಪ್ಪುವುದಿಲ್ಲ.

ಪೋಸ್ಟ್‌ಫಿಕ್ಸ್‌ನಲ್ಲಿ (ಮೇಲ್ ಸರ್ವರ್ ತಂತ್ರಾಂಶ) 'ಮೈಹೋಸ್ಟ್‌ನೇಮ್' ಎಂಬ ಸೆಟ್ಟಿಂಗ್ ಇದೇ ಹೆಸರಾಗಿರಲಿ. ಹೆಲೋದಲ್ಲಿ (ಮೇಲ್ ಕಳಿಸುವಾಗ ಸರ್ವರ್ ಮೊದಲು ಮಾಡುವ ಪರಿಚಯ) ಹೇಳಿಕೊಳ್ಳುವ ಹೆಸರೂ ಅಲ್ಲಿಂದಲೇ ಬರುತ್ತದೆ, ಬೇರೆ ಕೊಡಬೇಕಿಲ್ಲ. ಸಂಪರ್ಕವನ್ನು ಗೂಢಲಿಪಿಯಲ್ಲಿಡುವ ಟಿಎಲ್‌ಎಸ್ ಸರ್ಟಿಫಿಕೇಟ್ ಕೂಡ ಇದೇ ಹೆಸರಿಗೆ ತಗೊಳ್ಳಿ.

ಐಪಿವಿ6 (ಐಪಿವಿ4ರ ನಂತರ ಬಂದ ಹೊಸ ಬಗೆಯ ಐಪಿ) ಒಂದು ಕಳ್ಳದಾರಿ. ನಿಮಗೆ ಗೊತ್ತಿಲ್ಲದೆ ಮೇಲ್ ಅದರಲ್ಲೇ ಹೊರಟಿರುತ್ತದೆ, ಪಿಟಿಆರ್ ಇರುವುದಿಲ್ಲ. ನಾನಂತೂ ಚಿಕ್ಕ ಸರ್ವರ್‌ಗಳಲ್ಲಿ ಪೋಸ್ಟ್‌ಫಿಕ್ಸ್‌ನ 'ಐನೆಟ್ ಪ್ರೋಟೋಕಾಲ್ಸ್' ಸೆಟ್ಟಿಂಗ್ ಅನ್ನು ಐಪಿವಿ4ಕ್ಕೇ ಕಟ್ಟಿಬಿಡುತ್ತೇನೆ. ಇದನ್ನು ಬದಲಿಸಿದರೆ ರೀಲೋಡ್ ಸಾಲದು, ಪೋಸ್ಟ್‌ಫಿಕ್ಸ್ ನಿಲ್ಲಿಸಿ ಶುರು ಮಾಡಬೇಕು.

ಈಗ ಪರೀಕ್ಷೆ. ಡಿಎನ್‌ಎಸ್ ಕೇಳುವ 'ಡಿಗ್' ಕಮಾಂಡ್‌ನಲ್ಲಿ ಐಪಿ ಕೊಟ್ಟು ಹೆಸರು ತೆಗೆಯಿರಿ, ಬಂದ ಹೆಸರು ಕೊಟ್ಟು ಐಪಿ ತೆಗೆಯಿರಿ. ಪಿಂಗ್ ನಂಬಬೇಡಿ, ಸರ್ವರ್ ಒಳಗೆ ಅದು ಹೋಸ್ಟ್ಸ್ ಫೈಲ್ (ಆ ಸರ್ವರ್‌ನದೇ ಹೆಸರು-ಐಪಿ ಪಟ್ಟಿ) ನೋಡಿ ಉತ್ತರ ಹೇಳುತ್ತದೆ. ನಂತರ ನಿಮ್ಮದೇ ಜಿಮೇಲ್‌ಗೊಂದು ಮೇಲ್ ಕಳಿಸಿ, 'ಶೋ ಒರಿಜಿನಲ್' ತೆರೆಯಿರಿ. 'ರಿಸೀವ್ಡ್: ಫ್ರಮ್' ಸಾಲಿನಲ್ಲಿ ಮೊದಲ ಹೆಸರು ಹೆಲೋದ್ದು, ಆವರಣದೊಳಗಿನದು ಪಿಟಿಆರ್‌ನದು, ಪಕ್ಕದಲ್ಲಿ ಐಪಿ. ಎರಡು ಹೆಸರೂ ಅಕ್ಷರಕ್ಷರ ಒಂದೇ ಇರಬೇಕು.

ಮುಂದೆ ಸರ್ವರ್ ಬದಲಿಸುವಾಗ ಹೊಸ ಐಪಿಯ ಪಿಟಿಆರ್ ಮೊದಲು ಮಾಡಿಸಿಕೊಳ್ಳಿ. ಎ ರೆಕಾರ್ಡ್‌ನ ಟಿಟಿಎಲ್ (ಹಳೇ ಉತ್ತರವನ್ನು ಬೇರೆಯವರು ಎಷ್ಟು ಸೆಕೆಂಡ್ ನೆನಪಿಟ್ಟುಕೊಳ್ಳಬಹುದು ಎಂಬ ಅಂಕಿ) 86400 ಇದ್ದರೆ ಒಂದು ದಿನ ಮುಂಚೆಯೇ 300ಕ್ಕೆ ಇಳಿಸಿ, ಹಳೇ ಸರ್ವರನ್ನು ಕೂಡಲೇ ಆಫ್ ಮಾಡಬೇಡಿ.